‘ಇದಕ್ಕೆಲ್ಲ ಟೈಮ್ ಎಲ್ಲಿ ಸಿಗುತ್ತೆ?’ ಅಂತ ಕೇಳುವವರಿಗೆ

ರಜೆ ಹಾಕಿದ್ದೆ. ಇಷ್ಟೇ ಉತ್ತರ.

ಒಂದು ವಾರ ಆಫೀಸಿಗೆ ರಜೆ ಹಾಕಿ ಮನೆಯಲ್ಲಿ ಕೂತು ಉಣ್ಣೆ ನೂತೆ, ನೂತದ್ದರಲ್ಲಿ ಟೋಪಿ ಹೆಣೆದೆ, ಉಳಿದ ಹೊತ್ತು ಪುಸ್ತಕ ಓದಿದೆ. ಅದೇ ವಾರ ಗೋವಾಕ್ಕೆ ಹೋಗಿ ಬಂದಿದ್ದರೆ ಒಬ್ಬರೂ ಟೈಮ್ ಎಲ್ಲಿ ಸಿಕ್ತು ಅಂತ ಕೇಳುತ್ತಿರಲಿಲ್ಲ. ಫೋಟೋ ಕಳಿಸು ಅನ್ನುತ್ತಿದ್ದರು. ರಜೆಯಲ್ಲಿ ದುಡ್ಡು ಖರ್ಚು ಮಾಡಿದರೆ ಅದು ವಿಶ್ರಾಂತಿ, ಕೈ ಆಡಿಸಿದರೆ ಮಾತ್ರ ‘ನಿಂಗೆ ಬೇರೆ ಕೆಲಸ ಇಲ್ವಾ’. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪ್ರಶ್ನೆ ಕೇಳುವ ಧಾಟಿಯೇ ನನಗೆ ಆಗುವುದಿಲ್ಲ. ‘ನಿಂಗೆ ಇದಕ್ಕೆಲ್ಲ ಟೈಮ್ ಎಲ್ಲಿ ಸಿಗುತ್ತೆ ಮಾರಾಯ್ತಿ’ ಅನ್ನುವಾಗ ಆ ‘ಇದಕ್ಕೆಲ್ಲ’ ಇದೆಯಲ್ಲ, ಅದರಲ್ಲೇ ತೀರ್ಪು ಬಂದಾಗಿರುತ್ತೆ. ನಮಗೆಲ್ಲ ಸಂಸಾರ ಇದೆ, ಕೆಲಸ ಇದೆ, ನಿಂಗೆ ಏನೂ ಇಲ್ಲ, ಅದಕ್ಕೇ ದಾರ ಎಳೀತಾ ಕೂತಿದ್ದೀಯ ಅಂತ. ಐಪಿಎಲ್‌ನಲ್ಲಿ ಸೀಸನ್‌ಗೆ ಎಪ್ಪತ್ತಕ್ಕೂ ಹೆಚ್ಚು ಪಂದ್ಯ, ಒಂದೊಂದೂ ಮೂರೂವರೆ ನಾಲ್ಕು ಗಂಟೆ. ಅಷ್ಟನ್ನೂ ಬಿಡದೆ ನೋಡುವವರು ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ತಕರಾರಿಲ್ಲ, ಆರ್‌ಸಿಬಿ ಆಡುವ ದಿನ ನಾನೂ ಪಕ್ಕದಲ್ಲಿ ಕೂರುತ್ತೇನೆ, ಕೈಯಲ್ಲಿ ಹೆಣಿಗೆ ಕಡ್ಡಿ ಇರುತ್ತೆ ಅಷ್ಟೇ. ಆದರೆ ಅವರಿಗೆ ಟೈಮ್ ಎಲ್ಲಿ ಸಿಗುತ್ತೆ ಅಂತ ಯಾವ ನೆಂಟರೂ ಕೇಳಿದ್ದನ್ನು ನಾನು ನೋಡಿಲ್ಲ. ಕೈಯಲ್ಲಿ ಕಡ್ಡಿ ಇರುವವಳನ್ನೇ ಕೇಳುತ್ತಾರೆ.

ಇನ್ನೊಂದು ಮಾತು ಇದರ ಹಿಂದೆಯೇ ಬರುತ್ತೆ. ‘ಮುನ್ನೂರು ರೂಪಾಯಿಗೆ ಸ್ವೆಟರ್ ಸಿಗುತ್ತಲ್ಲ, ಆನ್‌ಲೈನಲ್ಲಿ?’ ಸಿಗುತ್ತೆ. ಅದು ಅಕ್ರಿಲಿಕ್. ಅಂಗಡಿಯವರು ‘ಉಲ್ಲನ್’ ಅಂತಲೇ ಮಾರುತ್ತಾರೆ, ಆದರೆ ಅದು ಕಚ್ಚಾ ತೈಲದಿಂದ ಮಾಡಿದ ದಾರ, ಕುರಿಯ ಮುಖವನ್ನೇ ಕಂಡಿಲ್ಲ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅದೇ ಬಾಯಿಂದ ‘ನಂಗೂ ಒಂದು ಹಾಕ್ಕೊಡು, ಕಪ್ಪು ಬಣ್ಣದ್ದೇ ಇರಲಿ’ ಅಂತ ಬರುತ್ತೆ. ಟೈಮ್ ವೇಸ್ಟ್ ಅಂದಮೇಲೆ ಆ ವೇಸ್ಟಿನಲ್ಲಿ ನಿಮಗೂ ಒಂದು ಪಾಲು ಯಾಕೆ ಹೇಳಿ?

ದಾವಣಗೆರೆಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಹೋಮ ಮುಗಿದು ಊಟಕ್ಕೆ ಇನ್ನೂ ಹೊತ್ತಿತ್ತು. ಮೂಲೆಯಲ್ಲಿ ನಿಂತು ಬ್ಯಾಗಿನಿಂದ ತಕಲಿ, ಅಂದರೆ ಕೈಯಲ್ಲೇ ತಿರುಗಿಸಿ ನೂಲುವ ಪುಟ್ಟ ಕದಿರು, ತೆಗೆದು ನೂಲುತ್ತಿದ್ದೆ. ದೊಡ್ಡಪ್ಪ ಒಬ್ಬರು ಬಂದವರೇ ಎಲ್ಲರಿಗೂ ಕೇಳುವ ಹಾಗೆ, ‘ಏನಮ್ಮಾ, ಗಾಂಧೀಜಿ ಆಗಕ್ಕೆ ಹೊರಟಿದ್ದೀಯಾ? ಟೈಮ್ ಜಾಸ್ತಿ ಆಗಿದೆ ನಿಂಗೆ’ ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು, ಆದರೆ ದೊಡ್ಡವರು, ಹಬ್ಬದ ಮನೆ, ಸುಮ್ನೆ ಇದ್ದೆ.

ಅವತ್ತು ಹೇಳಬೇಕಿದ್ದ ಉತ್ತರ ಈ ರಜೆಯ ಓದಿನಲ್ಲಿ ಸಿಕ್ಕಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ. ಇದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಪಕ್ಷದ ಸದಸ್ಯತ್ವದ ಚಂದಾ ದುಡ್ಡಿನಲ್ಲಲ್ಲ, ನೂಲಿನಲ್ಲಿ ಕೊಡಬೇಕು ಅಂತ ನಿಯಮ ಮಾಡಿದ್ದರು ಅನ್ನುವುದನ್ನು ಜನ ಮರೆತಿದ್ದಾರೆ. ತಿಂಗಳಿಗೆ 2,000 ಗಜ, ವರ್ಷಕ್ಕೆ 24,000 ಗಜ. ಸುಮಾರು 22 ಕಿಲೋಮೀಟರ್ ನೂಲು! ದಿನಕ್ಕೆ ಅರ್ಧ ಗಂಟೆ ನೂಲಿ ಅಂತ ಅದೇ ವರ್ಷ ಜೂನ್‌ನಲ್ಲೇ ಅವರು ಕೇಳಿದ್ದರು. ಆದರೂ ನಿಯಮ ನಿಲ್ಲಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ನೂಲು ಇಲ್ಲವೇ ನಾಲ್ಕು ಆಣೆ, ಯಾವುದಾದರೂ ಒಂದು ಕೊಡಿ ಅಂತ ಸಡಿಲ ಮಾಡಬೇಕಾಯಿತು. ಒಬ್ಬ ದೊಡ್ಡವರಿಗೆ ಹೀಯಾಳಿಕೆಯ ಮಾತಾಗಿ ಬಳಸಲು ಅಷ್ಟು ಸುಲಭವಾಗಿ ಸಿಕ್ಕ ಆ ಹೆಸರಿನ ಮನುಷ್ಯ, ಅರ್ಧ ಗಂಟೆ ಕೊಡಿ ಅಂತ ಇಡೀ ದೇಶದ ಮುಂದೆ ಕೇಳಿದವರು. ದೊಡ್ಡಪ್ಪನ ಮಾತನ್ನು ನಾನು ಹೊಗಳಿಕೆ ಅಂತಲೇ ತಗೊಳ್ಳಬೇಕಿತ್ತು.

ಆದರೆ ಆ ದಿನ ನನಗೆ ಜಾಸ್ತಿ ನೆನಪಿರುವುದು ದೊಡ್ಡಪ್ಪ ಅಲ್ಲ. ಅಡುಗೆಯವರ ಜೊತೆ ಕೆಲಸಕ್ಕೆ ಬಂದಿದ್ದ ವಯಸ್ಸಾದವರೊಬ್ಬರು, ನೀರಿನ ಕೊಡ ಇಳಿಸಿ, ಕೈ ಒರೆಸಿಕೊಂಡು ಹತ್ತಿರ ಬಂದರು. ‘ಯಾವ ಕುರೀದವ್ವ ಇದು ಉಣ್ಣೆ? ನಮ್ ಕಡೀದು ಕಂಡಂಗೈತಲ್ಲ’ ಅಂದರು. ಚಳ್ಳಕೆರೆ ಕಡೆಯ ಕರಿ ಕುರೀದು ಅಂದೆ. ನೂಲನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ನೋಡಿ, ‘ಹುರಿ ಇನ್ನೊಂಚೂರು ಬೇಕು’ ಅಂದರು, ಅಂದರೆ ಎಳೆ ಇನ್ನೂ ಸ್ವಲ್ಪ ತಿರುಚಬೇಕು ಅಂತ. ಅವರ ಅಪ್ಪ ಕುರಿ ಹಿಂದೆ ನಡೀತಾ ನಡೀತಾನೇ ನೂಲುತ್ತಿದ್ದರಂತೆ. ಟೈಮಿನ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಅದು. ಯಾವ ಕುರಿ? ಎಲ್ಲಿಯ ಉಣ್ಣೆ? ಯಾರು ಸಾಕಿದ್ದು? ಇದನ್ನು ಕೇಳಿದರೆ ನಾನು ರಾತ್ರಿಯೆಲ್ಲ ಮಾತಾಡುತ್ತೇನೆ.

ನಾನು ನೂಲುವುದು ದಖನಿ ಕುರಿಯ ಉಣ್ಣೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಒಣ ಬಯಲಿನ ಕುರಿ, ಹೆಚ್ಚಿನವು ಕಪ್ಪು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಎಳೆ ಒರಟು. ವಿದೇಶಿ ಮೆರಿನೊ ಕುರಿಯ ಎಳೆಯ ಎರಡು ಪಟ್ಟಿಗಿಂತ ದಪ್ಪ. ಕತ್ತಿಗೆ ಚುಚ್ಚುತ್ತೆ, ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಒರಟಿನಿಂದ ನಮ್ಮ ಕಂಬಳಿ ಆಗಿದ್ದು. ಹೆಂಗಸರು ರಾಟೆಯಲ್ಲಿ ನೂತು, ಹಾಸಿನ ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು) ಹುಣಸೆ ಬೀಜದ ಗಂಜಿ ಕೊಟ್ಟು, ಗುಳಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಗುಳಿ ಮಗ್ಗದಲ್ಲಿ ನೇಯ್ದ ಕಂಬಳಿಯನ್ನು ಕುರಿಗಾಹಿ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡರೆ ಮಳೆ ಮೇಲೇ ಜಾರಿ ಹೋಗುತ್ತೆ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ. ದೇವರ ಗದ್ದುಗೆಗೆ ಹಾಸಲೂ ಅದೇ ಬೇಕು.

ಈಗ ಈ ಉಣ್ಣೆ ಕೇಳುವವರಿಲ್ಲ. ಪಾಣಿಪತ್‌ನಿಂದ ಅಗ್ಗದ ರಗ್ಗು ಬರುತ್ತೆ, ಅಕ್ರಿಲಿಕ್ ಬರುತ್ತೆ. ಕುರಿ ಸಾಕುವುದೇ ಮಾಂಸಕ್ಕೆ ಅಂತಾದ ಮೇಲೆ ಬೇಗ ತೂಕ ಬರುವ, ಉಣ್ಣೆ ಇಲ್ಲದ ತಳಿಗಳನ್ನು ಬೆರೆಸುತ್ತಾರೆ. ಕತ್ತರಿಸುವವರ ಕೂಲಿ ಕೊಟ್ಟರೆ ಉಣ್ಣೆ ಮಾರಿದ ದುಡ್ಡು ಅದಕ್ಕೇ ಸಾಲದ ಕಡೆ, ಕತ್ತರಿಸಿದ್ದನ್ನು ಬೇಲಿ ಪಕ್ಕ ಬಿಸಾಕಿ ಹೋಗುತ್ತಾರೆ. ಅವರದ್ದು ತಪ್ಪು ಅನ್ನಲಾರೆ. ನೂರಾರು ವರ್ಷ ಬಯಲುಸೀಮೆಯನ್ನು ಬೆಚ್ಚಗಿಟ್ಟ ವಸ್ತು ಕಸವಾಗಿ ಬಿದ್ದಿರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ, ಅಷ್ಟೇ. ‘ಯಾಕೆ ನೂಲ್ತೀಯ’ ಅಂತ ಕೇಳಿದರೆ ನನ್ನ ಉತ್ತರ ಇದು. ಯಾರೂ ‘ಯಾಕೆ’ ಅನ್ನುವುದಿಲ್ಲ, ‘ಟೈಮ್ ಎಲ್ಲಿ’ ಅನ್ನುತ್ತಾರೆ.

ಹೋಗಲಿ, ಟೈಮ್ ಎಲ್ಲಿ ಹೋಗುತ್ತೆ ಅನ್ನುವುದನ್ನಾದರೂ ಕೇಳಿ. ತೊಳೆಯಲು ಹೋಗುತ್ತೆ. ಬಿಸಿ ನೀರು, ಅಂಟುವಾಳದ ಕಾಯಿ, ತಾಳ್ಮೆ. ಉಜ್ಜಿದರೆ ಕೆಟ್ಟಿತು, ಇಡೀ ಉಣ್ಣೆ ಗಟ್ಟಿ ಮುದ್ದೆಯಾಗಿ ಬಿಡುತ್ತೆ. ನೆರಳಲ್ಲಿ ಒಣಗಿಸಿ, ಮುಳ್ಳು, ಹುಲ್ಲುಬೀಜ, ಹಿಕ್ಕೆ ಎಲ್ಲ ಕೈಯಿಂದ ಆರಿಸಿ, ಆಮೇಲೆ ಹಿಂಜಬೇಕು, ಅಂದರೆ ಎಳೆ ಎಳೆಯಾಗಿ ಬಿಡಿಸಬೇಕು. ನೂಲುವುದು ಇಷ್ಟೆಲ್ಲ ಆದಮೇಲೆ. ಎಳೆ ಬಿಡುತ್ತಾ ತಕಲಿ ತಿರುಗಿಸಿ, ಹುರಿ ಏರಿದ ಮೇಲೆ ಸುತ್ತಿಕೊಂಡು, ಮತ್ತೆ ಎಳೆ ಬಿಡುವುದು. ಬಲಕ್ಕೆ ತಿರುಗಿಸಿ ನೂತ ಎರಡು ಎಳೆಗಳನ್ನು ಎಡಕ್ಕೆ ತಿರುಗಿಸಿ ಜೋಡಿಸಬೇಕು. ಒಂಟಿ ಎಳೆಯಲ್ಲೇ ಹೆಣೆದರೆ ಬಟ್ಟೆ ಓರೆಯಾಗುತ್ತೆ. ದೊಡ್ಡವರ ಒಂದು ಸ್ವೆಟರಿಗೆ ಸುಮಾರು ಸಾವಿರ ಮೀಟರ್ ಜೋಡಿ ನೂಲು ಬೇಕು, ಅಂದರೆ ಎರಡು ಸಾವಿರ ಮೀಟರ್ ಒಂಟಿ ಎಳೆ. ಬೆಳಗಾವಿಯ ಒಂದು ತಿಂಗಳ ಚಂದಾಗಿಂತ ಸ್ವಲ್ಪ ಜಾಸ್ತಿಯೇ! ಅದಕ್ಕೇ ಒಂದು ವಾರಕ್ಕೆ ಟೋಪಿ ಸಾಕು. ಕತ್ತಿನ ಬಳಿ ಚುಚ್ಚುವ ಉಣ್ಣೆ ತಲೆ ಮೇಲೆ ಅಷ್ಟು ಕಾಟ ಕೊಡುವುದಿಲ್ಲ, ಒಳಗೆ ಹತ್ತಿ ಬಟ್ಟೆ ಹೊಲಿದರೆ ಏನೂ ಗೊತ್ತಾಗುವುದಿಲ್ಲ. ಮರಿಯ ಮೊದಲ ಕತ್ತರಿಯ ಉಣ್ಣೆ ಸಿಕ್ಕರೆ ಅದಂತೂ ಮೆತ್ತಗೆ.

ಓದುವುದು ಯಾವಾಗ ಅಂತಲೂ ಕೇಳುತ್ತಾರೆ. ನೂಲುವಾಗ ಆಗುವುದಿಲ್ಲ, ಕಣ್ಣು ಎಳೆಯ ಮೇಲಿರಬೇಕು. ಹೆಣೆಯುವಾಗ ಆಗುತ್ತೆ. ಟೋಪಿಯ ಸುತ್ತು ಬರೀ ಸೀದಾ ಹೆಣಿಗೆ, ಬೆರಳಿಗೇ ಗೊತ್ತಿರುತ್ತೆ. ಪುಸ್ತಕವನ್ನು ಎದುರಿಗೆ ಒರಗಿಸಿ, ಹಾಳೆಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದರೆ ಆಯಿತು. ಹಾಗೆ ಓದುವಾಗಲೇ ಕದಿರ ರೆಮ್ಮವ್ವೆಯ ವಚನದ ಹತ್ತಿರ ನಿಂತುಬಿಟ್ಟೆ. ಹನ್ನೆರಡನೇ ಶತಮಾನದ ಶರಣೆ, ನೂಲುವುದೇ ಕಾಯಕ. ತಾನು ತಿರುಗಿಸುವ ರಾಟೆಯ ಕುಲಜಾತಿ ಕೇಳಿ ಅಂತ ಶುರು ಮಾಡುತ್ತಾಳೆ. ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ಮಹಾರುದ್ರ ಅಂತ ರಾಟೆಯ ಒಂದೊಂದು ಭಾಗವನ್ನೂ ಹೇಳುತ್ತಾ ಹೋಗುತ್ತಾಳೆ. ಅದರ ಆಧ್ಯಾತ್ಮದ ಅರ್ಥ ತಿಳಿದವರು ಹೇಳಲಿ. ನನಗೆ ಹಿಡಿಸಿದ್ದು ಅವಳ ದಿಟ್ಟತನ. ಜನ ಏನು ಕೇಳುತ್ತಾರೋ ಅಂತ ಕಾಯಲಿಲ್ಲ. ಏನು ಕೇಳಬೇಕು ಅಂತ ತಾನೇ ಹೇಳಿದಳು.

ಹಾಗಾಗಿ ನಾನೂ ಹೇಳುತ್ತಿದ್ದೇನೆ. ಮುಂದಿನ ಸಲ ಸಿಕ್ಕಾಗ ಉಣ್ಣೆ ಯಾವುದು ಅಂತ ಕೇಳಿ, ಮುಟ್ಟಿ ನೋಡಿ, ತಕಲಿ ಕೊಡುತ್ತೇನೆ, ತಿರುಗಿಸಿ ನೋಡಿ. ಆರ್ಡರ್ ತಗೊಳ್ಳುವುದಿಲ್ಲ, ದಯವಿಟ್ಟು ಬೇಡ. ನಿಮ್ಮ ಊರಲ್ಲಿ ಯಾರಾದರೂ ಕತ್ತರಿಸಿದ ಉಣ್ಣೆ ಬಿಸಾಕುತ್ತಿದ್ದರೆ ನನಗೆ ತಿಳಿಸಿ. ಕರಿಯದಾದರೆ ಇನ್ನೂ ಒಳ್ಳೇದು. ಮಳೆಗಾಲಕ್ಕೆ ಮುಂಚೆ ಹೇಳಿದರೆ, ಒದ್ದೆಯಾಗಿ ಕೊಳೆಯುವ ಮೊದಲು ಚೀಲ ತಗೊಂಡು ನಾನೇ ಬರುತ್ತೇನೆ, ದುಡ್ಡೂ ಕೊಡುತ್ತೇನೆ.