ಬೆಂಕಿ ಬೀಳುವ ಮೊದಲೇ ಬಾಗಿಲು ತಟ್ಟುವವರು

ಕಳೆದ ವರ್ಷದ ನವೆಂಬರಿನ ಒಂದು ಬೆಳಿಗ್ಗೆ ಅಗ್ನಿಶಾಮಕ ಸೇವೆಯ ಲಾಂಛನವಿದ್ದ ಸಣ್ಣ ವ್ಯಾನೊಂದು ನಮ್ಮ ಮನೆಯ ಮುಂದೆ ಬಂದು ನಿಂತಾಗ, ಕಿಟಕಿಯ ಬಳಿ ಕುಳಿತಿದ್ದ ಅಮ್ಮ "ಎಲ್ಲಿ ಬೆಂಕಿ ಬಿತ್ತೋ?" ಎಂದು ಗಾಬರಿಯಿಂದ ಎದ್ದು ನಿಂತರು. ಬೆಂಕಿ ಎಲ್ಲಿಯೂ ಬಿದ್ದಿರಲಿಲ್ಲ. ಬಂದವರು ಅಮ್ಮನನ್ನು ನೋಡಲೆಂದೇ ಬಂದಿದ್ದರು. ಅಮ್ಮನಿಗೆ 76 ವರ್ಷ. ಮಂಡಿನೋವಿನಿಂದ ಮೆಟ್ಟಿಲಿಳಿಯಲು ಕೋಲು ಬೇಕು, ಎಡಗಿವಿ ಮಂದವಾಗಿದೆ, ಇಂಗ್ಲಿಷ್ ಅರ್ಥವಾದರೂ ಆಡಲು ಸಂಕೋಚ. ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅವರು, ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಇಷ್ಟನ್ನು ನಾನು ಅಗ್ನಿಶಾಮಕ ಸೇವೆಯ ಪ್ರಶ್ನಾವಳಿಯಲ್ಲಿ ತುಂಬಿ ಕಳುಹಿಸಿದ್ದೆ. ಕೆಲವು ದಿನಗಳಲ್ಲಿ ಫೋನ್ ಬಂತು, ಮರುವಾರ ಅವರೇ ಬಂದರು. ಇದಕ್ಕೆ ಶುಲ್ಕವಿಲ್ಲ.

ಇಂಗ್ಲೆಂಡಿನ ಮಧ್ಯಭಾಗದ ಈ ಊರಿಗೆ ಬಂದು ಹನ್ನೊಂದು ವರ್ಷವಾದರೂ, ಅಗ್ನಿಶಾಮಕ ದಳವೆಂದರೆ ಗಂಟೆ ಬಾರಿಸುತ್ತ ಓಡುವ ಕೆಂಪು ಲಾರಿ ಎಂಬ ಬಾಲ್ಯದ ಕಲ್ಪನೆಯೇ ನನ್ನಲ್ಲಿ ಉಳಿದಿತ್ತು. ಅದನ್ನು ಬದಲಿಸಿದವರು ಪಕ್ಕದ ಮನೆಯ ವೃದ್ಧೆ. ಶ್ವಾಸಕೋಶದ ಕಾಯಿಲೆಯಿಂದಾಗಿ ಮನೆಯಲ್ಲೇ ಆಮ್ಲಜನಕದ ಯಂತ್ರವಿಟ್ಟುಕೊಂಡಿರುವ, ಒಂಟಿಯಾಗಿ ಬದುಕುವ ಅವರ ಮನೆಗೆ ಅಗ್ನಿಶಾಮಕ ಸಿಬ್ಬಂದಿ ವರ್ಷಕ್ಕೊಮ್ಮೆಯಾದರೂ ಬಂದು ಹೋಗುವುದನ್ನು ಗಮನಿಸಿ ಕಾರಣ ಕೇಳಿದ್ದೆ. ಆಮ್ಲಜನಕ ಬಟ್ಟೆಯಲ್ಲಿ, ಕೂದಲಲ್ಲಿ, ಹಾಸಿಗೆಯಲ್ಲಿ ಸೇರಿಕೊಂಡಿರುವಾಗ ಒಂದು ಸಿಗರೇಟಿನ ಕಿಡಿ ಸಾಕು, ಬೆಂಕಿ ಕ್ಷಣಮಾತ್ರದಲ್ಲಿ ಆವರಿಸುತ್ತದೆ ಎಂದು ಅವರೇ ವಿವರಿಸಿದರು. ಅವರಿಗೆ ಸುಲಭವಾಗಿ ಹೊತ್ತಿಕೊಳ್ಳದ ಹೊದಿಕೆಯನ್ನು ಕೊಟ್ಟಿದ್ದರು. ಕೊರಳಿನಲ್ಲಿ ತೂಗಾಡುವ ಗುಂಡಿಯ ಸಹಾಯವಾಣಿಗೆ ಸ್ಮೋಕ್ ಅಲಾರಂ ಅನ್ನೂ ಜೋಡಿಸಿದ್ದರು. ಅದು ಕೂಗಿದರೆ ಅವರು ಏಳಲಾರದಿದ್ದರೂ ಬೇರೊಬ್ಬರಿಗೆ ತಿಳಿಯುತ್ತದೆ.

ನಮ್ಮ ಮನೆಗೆ ಬಂದವರು ಇಬ್ಬರು, ಮಧ್ಯವಯಸ್ಸಿನ ಮಹಿಳೆ ಮತ್ತು ನಿವೃತ್ತಿಗೆ ಹತ್ತಿರವಾಗಿದ್ದ ಅಗ್ನಿಶಾಮಕ. ಮೊದಲು ಅಲಾರಂಗಳನ್ನು ಪರೀಕ್ಷಿಸಿದರು, ಮಹಡಿಯಲ್ಲಿದ್ದುದರ ಹತ್ತು ವರ್ಷದ ಆಯುಷ್ಯ ಮುಗಿದಿತ್ತೆಂದು ಹೊಸದನ್ನು ಹಾಕಿದರು. ಆಮೇಲೆ ಅಮ್ಮನ ಎದುರು ಕುಳಿತು, ನನ್ನನ್ನು ಕೇಳದೆ ಅಮ್ಮನನ್ನೇ ನೋಡುತ್ತ, ನಿಧಾನವಾಗಿ ಪ್ರಶ್ನೆಗಳನ್ನು ಕೇಳತೊಡಗಿದರು. ರಾತ್ರಿ ಎಷ್ಟು ಸಲ ಏಳುತ್ತೀರಿ? ನಿದ್ರೆಯ ಮಾತ್ರೆ ಉಂಟೇ? ಕಿವಿಯ ಯಂತ್ರವನ್ನು ತೆಗೆದಿಟ್ಟ ಮೇಲೆ ಈ ಅಲಾರಂ ಕೇಳಿಸುತ್ತದೆಯೇ? ಕೊನೆಯ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಮ್ಮನನ್ನು ಕೋಣೆಯಲ್ಲಿ ಮಲಗಿಸಿ, ಬಾಗಿಲು ಮುಚ್ಚಿ, ಅಲಾರಂ ಒತ್ತಿ ನೋಡಿದರೆ, "ಎಲ್ಲೋ ದೂರದಲ್ಲಿ ಜೀರುಂಡೆ ಕೂಗಿದ ಹಾಗಾಯಿತು" ಎಂದರು. ಒಂದೇ ವಾರದಲ್ಲಿ ದಿಂಬಿನಡಿ ಇಡುವ, ಅಲಾರಂ ಕೂಗಿದೊಡನೆ ಗಡಗಡ ಅದುರುವ, ಜೊತೆಗೆ ದೀಪ ಮಿನುಗಿಸುವ ಉಪಕರಣವೊಂದನ್ನು ತಂದು ಜೋಡಿಸಿಕೊಟ್ಟರು.

ಇನ್ನೊಂದು ಪ್ರಶ್ನೆಯಂತೂ ನನಗೆ ಹೊಸ ಅರಿವನ್ನೇ ಕೊಟ್ಟಿತು. ಚರ್ಮಕ್ಕೆ ಯಾವ ಮುಲಾಮು ಹಚ್ಚುತ್ತೀರಿ ಎಂದು ಕೇಳಿದರು. ಇಲ್ಲಿಯ ಚಳಿಗೆ ಅಮ್ಮನ ಕಾಲು ಒಡೆದು, ಔಷಧದ ಅಂಗಡಿಯಿಂದ ತಂದ ಕ್ರೀಮನ್ನು ದಿನಕ್ಕೆ ಮೂರು ಸಲ ಹಚ್ಚಿಕೊಳ್ಳುತ್ತಿದ್ದರು. ಇಂಥ ಕ್ರೀಮುಗಳು ಸೀರೆ, ಹೊದಿಕೆ, ದಿಂಬಿನ ಚೀಲಗಳಿಗೆ ಅಂಟಿ ಒಣಗಿದರೆ ಆ ಬಟ್ಟೆ ದೀಪದ ಬತ್ತಿಯಂತಾಗುತ್ತದೆ, ಕಿಡಿ ತಾಕಿದರೆ ಮಾಮೂಲಿ ಬಟ್ಟೆಗಿಂತ ಎಷ್ಟೋ ಬೇಗ ಹೊತ್ತಿಕೊಳ್ಳುತ್ತದೆ, ಒಗೆದರೂ ಅಂಶ ಪೂರ್ತಿಯಾಗಿ ಹೋಗುವುದಿಲ್ಲ. ಪ್ಯಾರಫಿನ್ ಎಂಬ ಪೆಟ್ರೋಲಿಯಂ ಜಿಡ್ಡು ಇಲ್ಲದ ಕ್ರೀಮುಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ ಎಂದು ಇಲ್ಲಿಯ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿಯೇ ಹೇಳಿದೆ. ಹಚ್ಚಬೇಡಿ ಎಂದು ಬಂದವರು ಹೇಳಲಿಲ್ಲ. ಹಚ್ಚಿಕೊಂಡ ಮೇಲೆ ಒಲೆಯ ಹತ್ತಿರ, ದೀಪದ ಹತ್ತಿರ ಹೋಗುವ ಮುನ್ನ ಸೀರೆ ಬದಲಿಸಿ ಎಂದರು.

ದೀಪದ ಮಾತು ಬಂದಾಗ ನನಗೆ ಅಳುಕಿತ್ತು. ದೇವರ ಮುಂದೆ ಅಮ್ಮ ಬೆಳಿಗ್ಗೆ ಸಂಜೆ ಹಚ್ಚುವ ದೀಪ ಇದ್ದುದು ಪುಸ್ತಕದ ಕಪಾಟಿನ ಮೇಲೆ, ಪರದೆಯಿಂದ ಒಂದು ಗೇಣು ದೂರದಲ್ಲಿ. "ದೀಪ ಆರಿಸು ಅಂತ ಹೇಳಿದರೆ ನಾನು ಕೇಳುವವಳಲ್ಲ" ಎಂದು ಅಮ್ಮ ಕನ್ನಡದಲ್ಲಿ ಮೊದಲೇ ನನಗೆ ಎಚ್ಚರಿಸಿದ್ದರು. ನಮ್ಮ ಮನೆಯಲ್ಲಿ ಆ ಮಾತನ್ನೇ ಆಡುವುದಿಲ್ಲ, ದೀಪ ಶಾಂತ ಮಾಡುವುದು ಎನ್ನುತ್ತೇವೆ. ಆದರೆ ಆ ಹಿರಿಯ ಅಗ್ನಿಶಾಮಕ, ಈ ದೀಪ ಎಷ್ಟು ಹೊತ್ತು ಉರಿಯಬೇಕು, ಯಾವ ದಿಕ್ಕಿಗೆ ಮುಖವಿರಬೇಕು ಎಂದು ಕೇಳಿ ತಿಳಿದುಕೊಂಡು, ಪರದೆ ಇಲ್ಲದ ಗೋಡೆಯ ಕಡೆಗೆ ಮಂಟಪವನ್ನು ಸರಿಸಲು ತಾವೇ ಕೈಹಚ್ಚಿದರು. ದೀಪದ ಕೆಳಗೆ ಅಗಲವಾದ ಹಿತ್ತಾಳೆಯ ತಟ್ಟೆ, ಊದಿನಕಡ್ಡಿಗೆ ಮರಳು ತುಂಬಿದ ಬಟ್ಟಲು, ಆರತಿ ಮಾಡುವಾಗ ಸೆರಗು ಸೊಂಟಕ್ಕೆ. ಕೊನೆಯದನ್ನು ಅವರು ಕೈಸನ್ನೆಯಲ್ಲಿ ತೋರಿಸಿದಾಗ ಅಮ್ಮ ನಕ್ಕು, ಕಾಫಿ ಮಾಡಲು ಎದ್ದರು.

ಇದು ಒಬ್ಬಿಬ್ಬರು ಒಳ್ಳೆಯ ಮನುಷ್ಯರ ಸೌಜನ್ಯವಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದು ಅವರ ಕಾನೂನುಬದ್ಧ ಕರ್ತವ್ಯ. 2004ರ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಗಳ ಕಾಯಿದೆಯು ಬೆಂಕಿ ಆರಿಸುವುದರ ಜೊತೆಗೆ ಬೆಂಕಿ ಬೀಳದಂತೆ ತಿಳಿವಳಿಕೆ ಕೊಡುವುದನ್ನೂ ಪ್ರತಿಯೊಂದು ಸೇವೆಯ ಹೊಣೆಯನ್ನಾಗಿ ಮಾಡಿತು. 2015ರಿಂದೀಚೆಗೆ ರಾಷ್ಟ್ರೀಯ ಆರೋಗ್ಯ ಸೇವೆಯು 65 ದಾಟಿದವರ ವಿಳಾಸದ ಮಾಹಿತಿಯನ್ನು ಅಗ್ನಿಶಾಮಕ ಸೇವೆಗಳೊಂದಿಗೆ ಹಂಚಿಕೊಳ್ಳತೊಡಗಿದ್ದರಿಂದ, ಯಾರ ಬಾಗಿಲನ್ನು ಮೊದಲು ತಟ್ಟಬೇಕೆಂಬುದಕ್ಕೆ ಒಂದು ಆಧಾರವೂ ಸಿಕ್ಕಿತು. ಇಂಗ್ಲೆಂಡಿನಲ್ಲಿ ಇತ್ತೀಚೆಗೆ ವರ್ಷಕ್ಕೆ 250ರ ಆಸುಪಾಸಿನಲ್ಲಿ ಜನ ಬೆಂಕಿಯಿಂದ ಸಾಯುತ್ತಾರೆ. ಜನಸಂಖ್ಯೆಯ ಪ್ರಮಾಣದಲ್ಲಿ ನೋಡಿದರೆ 80 ದಾಟಿದವರಿಗೆ ಈ ಅಪಾಯ ಎಲ್ಲರಿಗಿಂತ ಹೆಚ್ಚು. ಹೆಚ್ಚಿನ ಮನೆ ಬೆಂಕಿಗಳು ಅಡುಗೆಯಿಂದ ಆರಂಭವಾಗುತ್ತವೆ, ಆದರೆ ಹೆಚ್ಚು ಜನರನ್ನು ಕೊಲ್ಲುವುದು ಸಿಗರೇಟಿನ ಬೆಂಕಿ. ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕುಳಿತಲ್ಲಿಂದ ಏಳಲಾರದವರ ಬಳಿಯೇ ಅದು ಹೊತ್ತಿಕೊಳ್ಳುವುದು ಇದಕ್ಕೊಂದು ಕಾರಣ.

ಹಾಗಿದ್ದರೆ ಒಂದು ಅಗ್ನಿಶಾಮಕ ಸೇವೆ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ಹೇಗೆ ಹೇಳುವುದು? ಬಹುಕಾಲ ಇದಕ್ಕೆ ನಿಮಿಷಗಳೇ ಉತ್ತರವಾಗಿದ್ದವು. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ತೀರಿಕೊಂಡರು. ಎದುರು ಮನೆಯವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದಾಗ ದೂರವಾಣಿ ವಿನಿಮಯ ಕೇಂದ್ರದಲ್ಲಿ ಸರದಿಯಲ್ಲಿ ಕಾಯಬೇಕಾಯಿತು. ಅವರು ಪತ್ರಿಕೆಗೆ ಬರೆದ ಪತ್ರದಿಂದ ಎದ್ದ ಚರ್ಚೆಯೇ 1937ರ ಜೂನ್ 30ರಂದು 999 ಎಂಬ ತುರ್ತು ಸಂಖ್ಯೆಯ ಹುಟ್ಟಿಗೆ ಕಾರಣವಾಯಿತು. ಇಂದು ಲಂಡನ್ನಿನ ದಳ ಮೊದಲ ವಾಹನ ಸರಾಸರಿ 6 ನಿಮಿಷದಲ್ಲಿ, ಎರಡನೆಯದು 8 ನಿಮಿಷದಲ್ಲಿ ತಲುಪಬೇಕೆಂಬ ಗುರಿ ಇಟ್ಟುಕೊಂಡಿದೆ. 2004ರ ನಂತರ ರಾಷ್ಟ್ರಮಟ್ಟದ ಕಾಲಮಿತಿ ಇಲ್ಲದ ಕಾರಣ ಉಳಿದ ಸೇವೆಗಳು ತಮ್ಮ ತಮ್ಮ ಗುರಿಗಳನ್ನು ತಾವೇ ನಿಗದಿಪಡಿಸಿಕೊಂಡಿವೆ. ಈ ನಿಮಿಷಗಳು ಮುಖ್ಯವೇ. ಆದರೆ ವಿಷದ ಹೊಗೆಯ ಎರಡು ಮೂರು ಉಸಿರಿಗೇ ಮನುಷ್ಯನ ಪ್ರಜ್ಞೆ ತಪ್ಪಬಹುದು. ಕೋಲು ಹುಡುಕಿ, ಚಪ್ಪಲಿ ಮೆಟ್ಟಿ, ಮೆಟ್ಟಿಲಿನವರೆಗೆ ಬರಲು ಅಮ್ಮನಿಗೆ ಹಗಲಿನಲ್ಲಿಯೇ ನಾಲ್ಕು ನಿಮಿಷ ಬೇಕು. ಆರು ನಿಮಿಷದ ವಾಹನ ಅಮ್ಮನ ಪಾಲಿಗೆ ತಡವಾದ ವಾಹನವೇ.

ಆದ್ದರಿಂದಲೇ ಈಗಿನ ತಪಾಸಣೆಯ ರೀತಿ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಪೊಲೀಸ್ ಪಡೆಗಳ ತಪಾಸಣೆ ಮಾಡುತ್ತಿದ್ದ ಸ್ವತಂತ್ರ ಸಂಸ್ಥೆಗೆ 2017ರಲ್ಲಿ ಇಂಗ್ಲೆಂಡಿನ ಅಗ್ನಿಶಾಮಕ ಸೇವೆಗಳ ಹೊಣೆಯನ್ನೂ ವಹಿಸಲಾಯಿತು. ಈಗಿರುವ 44 ಸೇವೆಗಳ ವರದಿಗಳನ್ನೂ ಯಾರು ಬೇಕಾದರೂ ಓದಬಹುದು. ಬೆಂಕಿಯನ್ನು ತಡೆಯುವ ಕೆಲಸಕ್ಕೆ ಅಲ್ಲಿ ಪ್ರತ್ಯೇಕವಾದ ದರ್ಜೆಯೇ ಇದೆ. ಎಷ್ಟು ಮನೆಗಳಿಗೆ ಹೋದಿರಿ ಎಂಬುದರ ಜೊತೆಗೆ ಯಾರ ಮನೆಗಳಿಗೆ ಹೋದಿರಿ ಎಂದೂ ಕೇಳುತ್ತಾರೆ. ಸುಲಭವಾಗಿ ಬಾಗಿಲು ತೆರೆಯುವ, ಆರೋಗ್ಯವಾಗಿರುವ ಕುಟುಂಬಗಳ ಭೇಟಿಯಿಂದ ಸಂಖ್ಯೆಯನ್ನು ತುಂಬಿಸುವುದು ಕಷ್ಟವಲ್ಲ, ಅತಿ ಹೆಚ್ಚು ಅಪಾಯದಲ್ಲಿರುವವರ ಭೇಟಿಗಳು ಬಾಕಿ ಉಳಿದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಕೆಲವು ವರದಿಗಳು ಇದನ್ನು ನೇರವಾಗಿಯೇ ಹೇಳಿವೆ. ಸ್ಥಳೀಯ ತೆರಿಗೆಯ ಬಿಲ್ಲಿನಲ್ಲಿ ಅಗ್ನಿಶಾಮಕ ಸೇವೆಯ ಪಾಲನ್ನು ಬೇರೆಯಾಗಿಯೇ ಮುದ್ರಿಸಿರುವ ನಮ್ಮಂಥ ಪ್ರದೇಶದಲ್ಲಿ, ಆ ವರದಿಯನ್ನು ಓದುವುದು ತೆರಿಗೆ ಕಟ್ಟುವವನ ಹಕ್ಕೂ ಹೌದು.

ಆದರೆ ಇಲ್ಲಿ ಎಲ್ಲವೂ ಸರಿಯಾಗಿದೆಯೆಂದು ಬರೆದರೆ ಊರಿನ ಓದುಗರಿಗೆ ನಾನು ಸುಳ್ಳು ಹೇಳಿದಂತಾಗುತ್ತದೆ. 2017ರ ಜೂನ್ 14ರ ನಸುಕಿನಲ್ಲಿ ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್ ಉರಿದಾಗ 72 ಜನ ಬಲಿಯಾದರು. ನಾಲ್ಕನೆಯ ಮಹಡಿಯ ಅಡುಗೆಮನೆಯೊಂದರಲ್ಲಿ ಹುಟ್ಟಿದ ಬೆಂಕಿ, ಹೊರಗೋಡೆಗೆ ಹೊದಿಸಿದ್ದ ಹೊತ್ತಿಕೊಳ್ಳುವ ಹಲಗೆಗಳ ಮೂಲಕ ಮೇಲಕ್ಕೇರಿತು. ಮೊದಲ ಕರೆ ಬಂದದ್ದು 12 ಗಂಟೆ 54 ನಿಮಿಷಕ್ಕೆ. ನಿಮ್ಮ ಮನೆಯೊಳಗೇ ಇರಿ ಎಂದು ನಿವಾಸಿಗಳಿಗೆ ಕೊಡುತ್ತಿದ್ದ ಸಲಹೆಯನ್ನು ಅಗ್ನಿಶಾಮಕ ದಳ ಕೈಬಿಟ್ಟದ್ದು 2 ಗಂಟೆ 47 ನಿಮಿಷಕ್ಕೆ. ಅಲ್ಲಿ ವಾಸವಾಗಿದ್ದ 37 ಅಂಗವಿಕಲರಲ್ಲಿ 15 ಮಂದಿ ಸತ್ತರು. ಅವರು ಹೊರಬರುವುದು ಹೇಗೆಂದು ಯಾರೂ ಮೊದಲೇ ಯೋಚಿಸಿ ಬರೆದಿಟ್ಟಿರಲಿಲ್ಲ. ಹಾಗೆ ಬರೆದಿಡಬೇಕೆಂದು ವಿಚಾರಣಾ ಆಯೋಗ 2019ರ ವರದಿಯಲ್ಲಿ ಶಿಫಾರಸು ಮಾಡಿತು. 2022ರಲ್ಲಿ ಸರ್ಕಾರ ಅದು ಕಾರ್ಯಸಾಧ್ಯವಲ್ಲವೆಂದು ಹಿಂದೆ ಸರಿಯಿತು. ಅಂಗವಿಕಲರ ಸಂಘಟನೆಗಳೂ ಸಂತ್ರಸ್ತ ಕುಟುಂಬಗಳೂ ಪಟ್ಟು ಬಿಡದೆ ಹೋರಾಡಿದ ಮೇಲೆ 2025ರಲ್ಲಿ ನಿಯಮಗಳು ಬಂದವು. ಕನಿಷ್ಠ 18 ಮೀಟರ್ ಎತ್ತರದ ಅಥವಾ ಏಳು ಮಹಡಿಗಿಂತ ಕಡಿಮೆಯಿಲ್ಲದ ವಸತಿ ಕಟ್ಟಡಗಳಲ್ಲಿ, ತಾವಾಗಿ ಹೊರಬರಲಾರದವರನ್ನು ಗುರುತಿಸಿ, ಅವರೊಡನೆ ಕುಳಿತು ಮಾತನಾಡಿ, ಅವರ ಒಪ್ಪಿಗೆಯಿದ್ದರೆ ಆ ವಿವರವನ್ನು ಅಗ್ನಿಶಾಮಕ ಸೇವೆಗೆ ತಲುಪಿಸುವ ಈ ನಿಯಮಗಳ ಜಾರಿಗೆ ನಿಗದಿಯಾದದ್ದು 2026ರ ಏಪ್ರಿಲ್ 6. ದುರಂತಕ್ಕೂ ಈ ದಿನಾಂಕಕ್ಕೂ ನಡುವೆ ಸುಮಾರು ಒಂಬತ್ತು ವರ್ಷ. ಈ ವಿಳಂಬವನ್ನು ನನಗೆ ಕ್ಷಮಿಸಲಾಗುವುದಿಲ್ಲ.

ಇನ್ನೊಂದು ಕೊರತೆ ನಮ್ಮವರಿಗೆ ಸಂಬಂಧಿಸಿದ್ದು. ಆರು ತಿಂಗಳಿಗೆಂದು ಬರುವ ನಮ್ಮ ತಂದೆತಾಯಿಯರ ಹೆಸರು ಇಲ್ಲಿಯ ಯಾವ ವೈದ್ಯರ ಪಟ್ಟಿಯಲ್ಲಿಯೂ ಇರುವುದು ಅಪರೂಪ. ಆರೋಗ್ಯ ಸೇವೆಯ ಮಾಹಿತಿಯನ್ನು ನೆಚ್ಚಿಕೊಂಡ ವ್ಯವಸ್ಥೆಯ ಕಣ್ಣಿಗೆ ಅವರು ಬೀಳುವುದೇ ಇಲ್ಲ. ಮಕ್ಕಳಾದ ನಾವು ಹೇಳದಿದ್ದರೆ ಆ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಯುಗಾದಿಗೆ ಸೇರಿದ್ದಾಗ ನಾನು ಕೇಳಿದ ಎಂಟು ಕನ್ನಡ ಕುಟುಂಬಗಳಲ್ಲಿ ಈ ಭೇಟಿಯ ವಿಷಯ ಗೊತ್ತಿದ್ದುದು ಒಂದಕ್ಕೆ ಮಾತ್ರ. ಯೂನಿಫಾರಂ ತೊಟ್ಟವರು ಮನೆಯೊಳಗೆ ಬಂದು ಏನಾದರೂ ತಕರಾರು ತೆಗೆದಾರು ಎಂಬ ಭಯವೇ ಹಲವರಿಗೆ. ಸ್ವಂತ ಮನೆಯಲ್ಲಿರುವವರ ಮೇಲೆ ದಂಡ ಹಾಕಲು ಅವರು ಬರುವುದಿಲ್ಲವೆಂದು ನಾನು ಅಂದು ಮತ್ತೆ ಮತ್ತೆ ಹೇಳಬೇಕಾಯಿತು.

ಅಂದು ಬಂದಿದ್ದ ಮಹಿಳೆ ಹೊರಡುವ ಮುನ್ನ ಅಮ್ಮನನ್ನು, ಊರಿನಲ್ಲಿ ನಿಮ್ಮ ಮನೆ ಹೇಗಿದೆ ಎಂದು ಕೇಳಿದ್ದರು. ಎರಡನೆಯ ಮಹಡಿಯ ಫ್ಲಾಟು, ಕಳ್ಳರ ಭಯಕ್ಕೆ ಬಾಲ್ಕನಿಗೂ ಕಿಟಕಿಗಳಿಗೂ ಕಬ್ಬಿಣದ ಗ್ರಿಲ್ಲು, ಮುಂಬಾಗಿಲಿಗೆ ಒಳಗಿನಿಂದ ಬೀಗ ಎಂದು ಅಮ್ಮ ಹೆಮ್ಮೆಯಿಂದಲೇ ವಿವರಿಸಿದರು. ಹಾಗಾದರೆ ರಾತ್ರಿ ಹೊಗೆ ತುಂಬಿದರೆ ಎಲ್ಲಿಂದ ಹೊರಬರುತ್ತೀರಿ ಎಂದು ಆಕೆ ಮೆಲ್ಲನೆ ಕೇಳಿದಾಗ ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ನನಗೆ ನೆನಪಾದದ್ದು 2010ರ ಫೆಬ್ರವರಿ 23, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್. ಹೊಗೆಯಿಂದ ತಪ್ಪಿಸಿಕೊಳ್ಳಲು ಜನ ಗಾಜು ಒಡೆದು ಕೆಳಕ್ಕೆ ಹಾರಿದ ಆ ಮಧ್ಯಾಹ್ನ ಒಂಬತ್ತು ಜೀವಗಳು ಹೋದವು. ಅವರು ಕಚೇರಿಗಳಲ್ಲಿದ್ದವರು, ಓಡಬಲ್ಲವರು.

ಅಮ್ಮ ಮಾರ್ಚಿನಲ್ಲಿ ಮೈಸೂರಿಗೆ ಮರಳುವಾಗ ಪೆಟ್ಟಿಗೆಯಲ್ಲಿ ಎರಡು ಸ್ಮೋಕ್ ಅಲಾರಂಗಳನ್ನು ಕಟ್ಟಿಕೊಟ್ಟೆ. ಒಣಮೆಣಸಿನಕಾಯಿಯ ಒಗ್ಗರಣೆಗೆಲ್ಲ ಅದು ಕೂಗಿಕೊಂಡರೆ ಬೇಸತ್ತು ಬ್ಯಾಟರಿ ಕಿತ್ತಿಟ್ಟಾರೆಂದು, ಒಂದನ್ನು ಅಡುಗೆಮನೆಯಿಂದ ದೂರವಿರುವ ಹಜಾರದಲ್ಲಿ, ಇನ್ನೊಂದನ್ನು ಮಲಗುವ ಕೋಣೆಯ ಹೊರಗೆ ಹಾಕಿಸಿದ್ದೇವೆ. ವಾರಕ್ಕೊಮ್ಮೆ ಮಂಗಳವಾರ ಒತ್ತಿ ನೋಡಿ ಎಂದು ಇಲ್ಲಿ ಪ್ರಚಾರ ಮಾಡುತ್ತಾರೆ. ಅಮ್ಮ ಅದನ್ನು ಶುಕ್ರವಾರಕ್ಕೆ ಬದಲಾಯಿಸಿಕೊಂಡು, ಪೂಜೆ ಮುಗಿಸಿ ಕೋಲಿನ ತುದಿಯಿಂದ ಗುಂಡಿ ಒತ್ತಿ, ಅದರ ಕೂಗನ್ನು ಫೋನಿನಲ್ಲಿ ನನಗೂ ಕೇಳಿಸುತ್ತಾರೆ. ಮುಂಬಾಗಿಲಿನ ಬೀಗದ ಕೈ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತದೆ. ಬಾಲ್ಕನಿಯ ಗ್ರಿಲ್ಲಿಗೆ ತೆರೆಯುವ ಬಾಗಿಲೇ ಇಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಅದನ್ನು ಕೊಯ್ಯಿಸಿ, ಒಳಗಿನಿಂದ ಸರಿಸಬಹುದಾದ ಚಿಲಕ ಹಾಕಿಸಬೇಕು. ಕೆಳಗಿನ ಫ್ಲಾಟಿನ ನಿವೃತ್ತ ಮೇಷ್ಟ್ರು ದಂಪತಿ ತಮ್ಮದನ್ನೂ ಅದೇ ದಿನ ಮಾಡಿಸಿಬಿಡೋಣ ಎಂದಿದ್ದಾರೆ.