ಆ ಮೌನ ಚೆನ್ನಾಗಿತ್ತು ಅಂತ ಬರ್ದಿದ್ದೆ

ಹೋದ ವರ್ಷ ಒಂದು ಸಣ್ಣ ತಂಡದ ನಾಟಕ ನೋಡ್ಕೊಂಡು ಬಂದು ಅವತ್ತು ರಾತ್ರಿನೇ ಕೂತು ವಿಮರ್ಶೆ ಬರೆದೆ. ನಲವತ್ತು ಕುರ್ಚಿ ಹಿಡಿಸೋ ಜಾಗ, ನಾನು ಎರಡನೇ ಸಾಲು. ಒಂದು ದೃಶ್ಯದಲ್ಲಿ ಅಪ್ಪ ಮಗಳ ಕಾಗದ ಓದ್ತಾನೆ, ಮಡಚಿ ಮೇಜಿನ ಮೇಲಿಡ್ತಾನೆ, ಆಮೇಲೆ ಸುಮ್ನೆ ನಿಂತ್ಬಿಡ್ತಾನೆ. ಹತ್ತು ಸೆಕೆಂಡೋ ಹದಿನೈದೋ ಗೊತ್ತಿಲ್ಲ, ನಾಟಕದಲ್ಲಿ ಅಷ್ಟು ಹೊತ್ತು ಯಾರೂ ಮಾತಾಡ್ದೇ ಇದ್ರೆ ಅದು ಒಂದು ಯುಗದ ಥರ ಇರುತ್ತೆ. ಆ ಮೌನದ ಬಗ್ಗೆನೇ ನಾನು ಇಡೀ ಒಂದು ಪ್ಯಾರಾ ಬರೆದೆ, ನಿರ್ದೇಶಕರ ಧೈರ್ಯ, ಸಂಯಮ, ಹಂಗೆ ಹಿಂಗೆ ಅಂತ.

ಮಾರನೇ ದಿನ ಆ ನಟನದ್ದೇ ಫೋನು. "ಸಾರ್, ಓದ್ದೆ, ತುಂಬಾ ಥ್ಯಾಂಕ್ಸ್. ಆದ್ರೆ ಒಂದು ವಿಷ್ಯ ಹೇಳ್ಬಿಡ್ತೀನಿ, ಅಲ್ಲಿ ನಂಗೆ ಡೈಲಾಗ್ ಮರ್ತೋಗಿತ್ತು."

ನಗು ಬಂತು, ಜೊತೆಗೆ ಮುಖಾನೂ ಸಣ್ಣದಾಯ್ತು. ನೋಟ್‌ಬುಕ್ ತೆಗೆದು ನೋಡ್ದೆ. ಕತ್ತಲಲ್ಲಿ ಬರೆದಿದ್ದು, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ಕೊಂಡಿತ್ತು (ಫೋನಲ್ಲಿ ಟೈಪ್ ಮಾಡಕ್ಕಾಗಲ್ಲ, ಅದರ ಬೆಳಕು ನಟರ ಕಣ್ಣಿಗೇ ಹೊಡೆಯುತ್ತೆ). "ಕಾಗದ ಮಡಚ್ದ. ಕೈ ಜೇಬಿಗೆ ಹೋಗಿ ವಾಪಸ್ ಬಂತು. ಹಿಂದೆ ಕೆಮ್ತಿದ್ದೋರು ನಿಲ್ಸಿದ್ರು." ಇಷ್ಟೇ ಇತ್ತು. ಇದರಲ್ಲಿ ಒಂದಕ್ಷರಾನೂ ಸುಳ್ಳಲ್ಲ. ಮನೆಗೆ ಬಂದ್ಮೇಲೆ ಸೇರಿಸಿದ್ದು ಧೈರ್ಯ, ಸಂಯಮ ಎಲ್ಲ. ಅಂದ್ರೆ ನನ್ನ ಕಣ್ಣು ಸರಿಯಾಗೇ ಕೆಲಸ ಮಾಡಿತ್ತು, ಬಾಯಿ ಮಾತ್ರ ಜಾಸ್ತಿ ಆಗಿತ್ತು. ಅವತ್ತಿಂದ ಏನಾಯ್ತು ಅನ್ನೋದನ್ನ ಬರೀತೀನಿ, ಯಾಕಾಯ್ತು ಅನ್ನೋದನ್ನ ಬರೆಯೋಕೆ ಮುಂಚೆ ಎರಡು ಸಲ ಯೋಚ್ನೆ ಮಾಡ್ತೀನಿ.

ಸಣ್ಣ ರಂಗದಲ್ಲಿ ಕಣ್ಣಿಗೆ ಬೀಳೋದಂತೂ ಸಿಕ್ಕಾಪಟ್ಟೆ. ನಾಟಕದ ಬಗ್ಗೆ ಇರೋ ಹಳೇ ಸಂಸ್ಕೃತ ಗ್ರಂಥ ನಾಟ್ಯಶಾಸ್ತ್ರದಲ್ಲೇ ಭರತ ಹೇಳ್ತಾನೆ, ಮನುಷ್ಯರ ನಾಟಕಕ್ಕೆ 64 ಹಸ್ತ (ಅಂದ್ರೆ ಮೊಳ) ಉದ್ದ 32 ಹಸ್ತ ಅಗಲದ ಮನೆ ಸಾಕು, ಅದಕ್ಕಿಂತ ದೊಡ್ಡದು ಕಟ್ಬೇಡಿ, ಮಾತು ಅಸ್ಪಷ್ಟ ಆಗುತ್ತೆ, ಮುಖದ ಭಾವ ಕಾಣಲ್ಲ ಅಂತ. ಅದರಲ್ಲೂ ಅರ್ಧ ರಂಗಕ್ಕೆ, ಅದರ ಹಿಂದೆ ಬಣ್ಣ ಹಚ್ಕೊಳ್ಳೋ ನೇಪಥ್ಯಕ್ಕೆ ಹೋಗುತ್ತೆ. ಆದ್ರೆ ಇಷ್ಟು ಹತ್ರ ಕೂತಾಗ ಭಾವ ಒಂದೇ ಅಲ್ಲ, ಖಾಲಿ ಲೋಟಾನೂ ಕಾಣುತ್ತೆ. ಎಷ್ಟು ನಾಟಕದಲ್ಲಿ ನೋಡಿದೀನಿ, ಪಾತ್ರ ಗಟಗಟ ನೀರು ಕುಡಿಯುತ್ತೆ, ಗಂಟಲು ಮಾತ್ರ ಅಲ್ಲಾಡಲ್ಲ, ಲೋಟ ಕೆಳಗಿಟ್ಟಾಗ ಟಣ್ ಅನ್ನುತ್ತೆ. ಸಾವಿರ ಜನ ಕೂರೋ ಹಾಲಲ್ಲಿ ಇದು ಯಾರಿಗೂ ಗೊತ್ತಾಗಲ್ಲ. ಇಲ್ಲಿ ಆ ಟಣ್ ಕೇಳ್ದ ಮೇಲೆ ಮುಂದಿನ ಐದು ನಿಮಿಷ ನಾನು ಆ ಪಾತ್ರಾನ ನಂಬಲ್ಲ.

ಇದನ್ನ ಬರೆದ್ರೆ ತಕ್ಷಣ ಬರೋ ಉತ್ತರ, ಪಾಪ ಸಣ್ಣ ತಂಡ, ದುಡ್ಡಿಲ್ಲ, ಬಿಡಿ ಸಾರ್. ನಂಗೆ ಈ ಪಾಪ ಅನ್ನೋ ಪದಾನೇ ಆಗಲ್ಲ. ಲೈಟು ನಾಲ್ಕೇ ಇದ್ರೆ ಅದು ದುಡ್ಡಿನ ತೊಂದ್ರೆ, ಅದರ ಬಗ್ಗೆ ನಾನು ಚಕಾರ ಎತ್ತಲ್ಲ, ಆದ್ರೆ ಲೋಟಕ್ಕೆ ನೀರು ಹಾಕೋಕೆ ದುಡ್ಡು ಯಾಕ್ರೀ ಬೇಕು? ದೃಶ್ಯ ಬದಲಾಯಿಸೋಕೆ ಲೈಟೆಲ್ಲ ಆರಿಸೋ ಬ್ಲ್ಯಾಕೌಟೂ ಅಷ್ಟೇ. ಸಣ್ಣ ರೂಮಲ್ಲಿ ಪೂರ್ತಿ ಕತ್ತಲೆ ಆಗೋದೇ ಇಲ್ಲ, ಬಾಗಿಲ ಸಂದಿಯಿಂದ ಬೆಳಕು, ನೆಲದ ಮೇಲೆ ಅಂಟಿಸಿರೋ ಹೊಳೆಯೋ ಟೇಪು, ಅದರ ನಡುವೆ ಇಬ್ರು ಬಗ್ಗಿಕೊಂಡು ಮೇಜು ಎಳೀತಿರ್ತಾರೆ, ನಾವು ಕಾಣ್ಲಿಲ್ಲ ಅನ್ನೋ ಥರ ಕೂತಿರ್ತೀವಿ. ಒಂದು ತಂಡ ಬ್ಲ್ಯಾಕೌಟ್ ಸಹವಾಸಾನೇ ಬಿಟ್ಟು, ಜಗಳ ಆಡ್ತಿದ್ದ ಗಂಡ ಹೆಂಡ್ತಿ ಕೈಲೇ ಕುರ್ಚಿ ಎತ್ತಿಸಿದ್ರು. ಅವಳು ಒಂದ್ಕಡೆ ಇಟ್ಟಿದ್ದನ್ನ ಅವನು ಇನ್ನೊಂದ್ಕಡೆ ಇಡ್ತಾನೆ, ಹಾಗೇ ಮಾತು ಬೆಳೀತಾ ಹಾಲ್ ಹೋಗಿ ಅಡುಗೆಮನೆ ಬಂತು. ಒಂದು ಪೈಸೆ ಖರ್ಚಿಲ್ಲ!

ಅದೇ ಭರತ ಮುಂದೆ 27ನೇ ಅಧ್ಯಾಯದಲ್ಲಿ ಪ್ರಾಶ್ನಿಕರು ಅಂತ ಹತ್ತು ಥರದವರನ್ನ ಹೇಳ್ತಾನೆ, ಅಂದ್ರೆ ನಾಟಕ ನೋಡಿ ತೀರ್ಪು ಕೊಡೋರು. ವ್ಯಾಕರಣ ಗೊತ್ತಿರೋನು, ಛಂದಸ್ಸು ಗೊತ್ತಿರೋನು, ಚಿತ್ರ ಬರೆಯೋನು, ಬಿಲ್ಲುಗಾರ, ನರ್ತಕ, ವೇಶ್ಯೆ, ರಾಜ, ಹೀಗೆ. ಬಿಲ್ಲು ಹಿಡಿದು ನಿಂತ ಭಂಗಿ ಸರಿನಾ ಅಂತ ಬಿಲ್ಲುಗಾರ ಹೇಳ್ಬೇಕು, ವೇಷದ ಬಗ್ಗೆ ಚಿತ್ರಗಾರ. ನಾನು ಒಬ್ಬನೇ ಆ ಹತ್ತೂ ಜನ ಆಗಿ ಕೂತಿರ್ತೀನಿ, ಸಂಗೀತದ ಗಂಧ ಗಾಳಿ ಇಲ್ದೇ ಹಾಡಿನ ಬಗ್ಗೆ ಒಂದು ಸಾಲು ಬರೆದು ಬಿಸಾಕ್ತಿದ್ದೆ, ಈಗ ಅದನ್ನ ನಿಲ್ಸಿದೀನಿ. ಇನ್ನೊಂದು ಮಾತು, ತಪ್ಪೇ ಇಲ್ಲದ ಪ್ರಯೋಗ ಇರಲ್ಲ, ಸಣ್ಣಪುಟ್ಟದ್ದನ್ನ ಜಾಸ್ತಿ ಎಳೀಬೇಡಿ ಅಂತಾನೂ ಅಲ್ಲೇ ಇದೆ. ಕಿರೀಟ ಬೀಳೋದೂ ಮಾತು ಮರೆಯೋದೂ ಆ ಕಾಲಕ್ಕೇ ಲಿಸ್ಟಲ್ಲಿದೆ.

ಬೇಗ ಬರೀಬೇಕು ಅನ್ನೋದೂ ಒಂದಿದೆ. 1958ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಇಂಗ್ಲಿಷ್ ನಾಟಕಕಾರ ಹೆರಾಲ್ಡ್ ಪಿಂಟರ್‌ನ 'ದ ಬರ್ತ್‌ಡೇ ಪಾರ್ಟಿ' ಬಂದಾಗ ದಿನಪತ್ರಿಕೆಗಳು ಬೈದವು, ವಾರಕ್ಕೇ ನಾಟಕ ನಿಂತೋಯ್ತು. ಸಂಡೇ ಟೈಮ್ಸ್ ಅನ್ನೋ ವಾರಪತ್ರಿಕೆಯ ವಿಮರ್ಶಕ ಹೆರಾಲ್ಡ್ ಹಾಬ್ಸನ್ ಬಾಯ್ತುಂಬ ಹೊಗಳಿದ್ದ, ಆದ್ರೆ ಅದು ಅಚ್ಚಾಗಿದ್ದು ಭಾನುವಾರ, ಹಿಂದಿನ ದಿನವೇ ಕೊನೆ ಪ್ರದರ್ಶನ ಆಗೋಗಿತ್ತು. ಸಣ್ಣ ತಂಡಗಳದ್ದು ಎರಡೋ ಮೂರೋ ಶೋ. ನಾನು ವಾರ ಬಿಟ್ಟು ಚೆಂದ ಮಾಡಿ ಬರೆದ್ರೆ ಅದು ವಿಮರ್ಶೆ ಅಲ್ಲ, ವೈಕುಂಠ ಸಮಾರಾಧನೆ.

ಇನ್ನು ಬಾಗಿಲ ಹತ್ರದ್ದು. ನಾಟಕ ಮುಗಿದು ಹೊರಗೆ ಬರುವಾಗ ಅರ್ಧ ಬಣ್ಣ ಅಳಿಸಿಕೊಂಡ ನಟರು ಅಲ್ಲೇ ನಿಂತಿರ್ತಾರೆ, "ಹೇಗಿತ್ತು?" ಚೆನ್ನಾಗಿತ್ತು ಅಂದು ಜಾರ್ಕೊಳ್ಳೋದು ಸುಲಭ, ಎಲ್ಲ ನೆಂಟರೂ ಅದನ್ನೇ ಹೇಳಿರ್ತಾರೆ. ನಾನು ಈಗ ಕಂಡ ಒಂದು ವಸ್ತು ಹಿಡ್ಕೊಂಡು ಕೇಳ್ತೀನಿ, "ಆ ಟ್ರಂಕು ನಿಜವಾಗ್ಲೂ ಅಷ್ಟು ಭಾರ ಇತ್ತಾ?" ಒಬ್ಬ ಹುಡುಗಿ ಕಣ್ಣರಳಿಸಿ, "ಇಲ್ಲ, ಅದರಲ್ಲಿ ಏನೂ ಇರ್ಲಿಲ್ಲ" ಅಂದ್ಲು.

ಆ ಅಪ್ಪನ ನಾಟಕ ಮೊನ್ನೆ ಮತ್ತೆ ಆಯ್ತು, ಹೋಗಿದ್ದೆ. ಕಾಗದ ಓದಿದ, ಮಡಚಿಟ್ಟ, ನಿಂತ. ಕೈ ಜೇಬಿಗೆ ಹೋಗಿ ವಾಪಸ್ ಬಂತು. ಮೌನ ಹಾಗೇ ಇದೆ, ಈಗ ಅದನ್ನ ಪ್ರಯೋಗದೊಳಗೆ ಸೇರಿಸ್ಕೊಂಡಿದಾರೆ, ನನ್ನ ಪ್ಯಾರಾದ ದಯೆ. ಎರಡನೇ ಸಾಲಿಂದ ನೋಡ್ತಿದ್ರೆ ತುಟಿ ಸಣ್ಣಗೆ ಅಲ್ಲಾಡ್ತಿತ್ತು, ಒಂದು ಎರಡು ಮೂರು ಅಂತ ಎಣಿಸ್ತಿದ್ದ. ಹಿಂದೆ ಯಾರೋ ಕೆಮ್ತಾನೇ ಇದ್ರು. ನೋಟ್‌ಬುಕ್ಕಲ್ಲಿ ಅದನ್ನೂ ಬರ್ಕೊಂಡೆ. ಎರಡನೇ ಶೋ ನಾಳೆ ಸಂಜೆ, ಅವನ ನಂಬರ್ ನನ್ನ ಹತ್ರ ಇದೆ, ಇವತ್ತೇ ಫೋನ್ ಮಾಡಿ ಹೇಳ್ಲಾ ಅಥವಾ ಇಲ್ಲೇ ಬರೆದು ಹಾಕ್ಲಾ ಅಂತ ಕೂತಿದೀನಿ.