ಹನ್ನೊಂದು ವರ್ಷದ ಸೇವೆ ಶ್ರೇಣಿಯಲ್ಲಿ ಎಲ್ಲಿದೆ?

ನಮ್ಮ ಖಾಸಗಿ ಆಸ್ಪತ್ರೆಯ ಆಡಳಿತ ಮಂಡಳಿಯವರು ನರ್ಸ್‌ಗಳ ಸಂಘಕ್ಕೆ ಕೊಟ್ಟ ಹಾಳೆಯಲ್ಲಿ ಸ್ಟಾಫ್ ನರ್ಸ್‌ಗಳ ಹೊಸ ವೇತನ ಶ್ರೇಣಿ ಒಂದೇ ಸಾಲಿನಲ್ಲಿತ್ತು: 16000-400-18000-500-20500. ವಾರ್ಡಿನಲ್ಲಿ ಎಲ್ಲರ ಕಣ್ಣೂ ಮೊದಲ ಅಂಕಿಯ ಮೇಲೆ. ಕಲಬುರಗಿಯಲ್ಲಿ ಆಗತಾನೇ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಹನ್ನೆರಡು ಸಾವಿರ ಮೂಲ ವೇತನಕ್ಕೆ ಸೇರಿದ ಹುಡುಗಿಯರು ಹಿಗ್ಗಿದ್ದರಲ್ಲಿ ತಪ್ಪೇನಿಲ್ಲ. ಮಾತುಕತೆಗೆ ಹೋಗುವವರಲ್ಲಿ ನಾನೂ ಒಬ್ಬಳಾಗಿದ್ದರಿಂದ ಹಾಳೆ ಹಿಡಿದು ಬ್ರಹ್ಮಪುರದಲ್ಲಿರುವ ಸೋದರಮಾವನ ಮನೆಗೆ ಹೋದೆ. ಅವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸಂಘದ ಕೆಲಸದಲ್ಲಿ ಪಳಗಿದವರು.

ಮಾವ ಮೊದಲು ಬ್ಯಾಂಕ್ ಗುಮಾಸ್ತರ ಶ್ರೇಣಿಯನ್ನು ಬರೆದು ತೋರಿಸಿದರು. ಬ್ಯಾಂಕುಗಳು ಮತ್ತು ನೌಕರರ ಸಂಘಗಳ ನಡುವೆ 2024ರ ಮಾರ್ಚ್ 8ರಂದು ಸಹಿಯಾದ ದ್ವಿಪಕ್ಷೀಯ ಒಪ್ಪಂದದ್ದು. ‘24050-1340/3-28070 ಎಂದರೆ, ಇಲ್ಲಿ ನೋಡವ್ವ, ಮೂರು ವರ್ಷ ವರ್ಷಕ್ಕೆ 1340ರಂತೆ ಏರಿ 28070ಕ್ಕೆ ಮುಟ್ಟುತ್ತದೆ. ಹೀಗೆ 64480ರವರೆಗೆ ಹತ್ತೊಂಬತ್ತು ವಾರ್ಷಿಕ ವೇತನ ಬಡ್ತಿಗಳಿವೆ. ಈಗ ನಿಮ್ಮದನ್ನು ಎಣಿಸು.’ ಎಣಿಸಿದೆ. 400ರ ಐದು, 500ರ ಐದು. ಹತ್ತೇ ವರ್ಷಕ್ಕೆ ಮುಗಿಯಿತು. ಇಪ್ಪತ್ತೆರಡಕ್ಕೆ ಸೇರಿದವಳ ಮೂಲ ವೇತನ ಮೂವತ್ತೆರಡಕ್ಕೆ ನಿಂತುಬಿಡುತ್ತದೆ. ಆಮೇಲೂ ಅವಳು ಇಪ್ಪತ್ತೈದು ವರ್ಷ ರಾತ್ರಿ ಪಾಳಿ ಮಾಡಬೇಕು!

‘ಹಳಬರನ್ನು ಇದರಲ್ಲಿ ಎಲ್ಲಿ ಕೂರಿಸುತ್ತಾರೆ?’ ಎಂದು ಮಾವ ಕೇಳಿದಾಗ ನನಗೆ ಐಸಿಯುನ ಹಿರಿಯ ಸಿಸ್ಟರ್ ನೆನಪಾದರು. ಹನ್ನೊಂದು ವರ್ಷದ ಸೇವೆ, ಮೂಲ ವೇತನ 15,200. ಹೊಸ ಶ್ರೇಣಿಯಲ್ಲಿ ಅವರಿಗೂ 16,000, ನಿನ್ನೆ ಬಂದವಳಿಗೂ 16,000. ವೆಂಟಿಲೇಟರ್ ಅಲಾರಂ ಕೇಳಿದೊಡನೆ ಟ್ಯೂಬಿನಲ್ಲಿ ಕಫ ಕಟ್ಟಿದೆಯೋ ಇಲ್ಲವೋ ಎಂದು ಹೇಳಬಲ್ಲ ಆ ಕೈಗೆ ಸಿಗುವ ಹೆಚ್ಚಳ 800 ರೂಪಾಯಿ. ನನಗೆ ನಿಜಕ್ಕೂ ಸಿಟ್ಟು ಬಂತು.

ಮಾತುಕತೆಯ ದಿನ ನಾವು ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ಕೇಂದ್ರ ರಚಿಸಿದ ಸಮಿತಿಯ ಶಿಫಾರಸನ್ನು ಮುಂದಿಟ್ಟೆವು: ಖಾಸಗಿ ಆಸ್ಪತ್ರೆಯಲ್ಲಿ ನೂರಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ನರ್ಸ್‌ಗಳ ಸಂಬಳ ಸರ್ಕಾರಿ ನರ್ಸ್‌ಗಳ ಸಂಬಳದ ಶೇ 90ಕ್ಕಿಂತ ಕಡಿಮೆ ಇರಬಾರದು. ‘ಅದು ಶಿಫಾರಸು ಮಾತ್ರ’ ಎಂದರು ಆಡಳಿತ ಮಂಡಳಿಯವರು. ಇರಬಹುದು. ಆದರೆ ರಾಜ್ಯದ ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ, ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 27,000. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಹಿರಿಯರಿಗೆ ತಿಂಗಳಿಗೆ ಎರಡು ಸಾವಿರ ‘ವಿಶೇಷ ಭತ್ಯೆ’ ಕೊಡುತ್ತೇವೆಂದರು. ಕೈಗೆ ಬರುವ ಹಣ ನೋಡಿ ನಮ್ಮಲ್ಲೂ ಕೆಲವರು ಒಪ್ಪುವ ಮನಸ್ಸು ಮಾಡಿದರು. ನಾನು ಒಪ್ಪಲಿಲ್ಲ. ಕೆಲಸ ಬಿಡುವಾಗ ಸಿಗುವ ಇಡಿಗಂಟು, ಅಂದರೆ ಗ್ರಾಚ್ಯುಟಿಯನ್ನು ಆಗ ಲೆಕ್ಕ ಹಾಕುತ್ತಿದ್ದುದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ. ಈ ಭತ್ಯೆ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ, ಮುಂದಿನ ಬಡ್ತಿಗೂ ಸೇರುತ್ತಿರಲಿಲ್ಲ. ಸೇವೆಯ ಪ್ರತಿ ಎರಡು ವರ್ಷಕ್ಕೆ ಒಂದು ಬಡ್ತಿ ಸೇರಿಸಿ ಹಳಬರನ್ನು ಶ್ರೇಣಿಯಲ್ಲಿ ಕೂರಿಸಿ ಎಂದು ಕೇಳಿದೆವು. ಸಂಜೆಯ ಹೊತ್ತಿಗೆ ಮೂರು ವರ್ಷಕ್ಕೊಂದು ಎಂದು ಇಳಿದು ಬಂದರು. ಐಸಿಯು ಸಿಸ್ಟರ್‌ಗೆ ಅಲ್ಲಿಗೆ 17,200.

ಇನ್ನೊಂದು ಚಿಂತೆ ಉಳಿದಿದೆ. ಒಟ್ಟು ಸಂಬಳ 21,000 ದಾಟಿದವರು ಇಎಸ್‌ಐನಿಂದ, ಅಂದರೆ ನೌಕರರಿಗೂ ಕುಟುಂಬಕ್ಕೂ ಚಿಕಿತ್ಸೆ ಕೊಡುವ ಸರ್ಕಾರಿ ವಿಮೆಯಿಂದ, ಹೊರಗಾಗುತ್ತಾರೆ. ತಾಯಿಗೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸುತ್ತಿರುವ ನಮ್ಮ ಸಹೋದ್ಯೋಗಿಯೊಬ್ಬಳು ಸಂಬಳ ಏರುವುದಕ್ಕೇ ಹೆದರುತ್ತಿದ್ದಾಳೆ. ಹಾಗಾಗಿ ಮುಂದಿನ ಸಭೆಗೆ ಎರಡು ಬೇಡಿಕೆ ಬರೆದಿಟ್ಟಿದ್ದೇವೆ: ಹೊರಗಾದವರ ಕುಟುಂಬಕ್ಕೆ ಆಸ್ಪತ್ರೆಯ ಖರ್ಚಿನಲ್ಲಿ ಆರೋಗ್ಯ ವಿಮೆ, ಮತ್ತು 20500ರ ಆಚೆಗೆ ಇನ್ನೂ ಹತ್ತು ಬಡ್ತಿ.